ಇನ್ನೂ ಉಂಟು

ಅವರ ಮುಖ ನನ್ನ ನೆನಪಿನಲ್ಲಿ ಉಳಿದಿರುವುದು ತಲೆಕೆಳಗಾಗಿ. ಹಲ್ಲು ಕೀಳಿಸಿಕೊಳ್ಳಲು ಕುರ್ಚಿಯಲ್ಲಿ ಮಲಗಿದವನ ತಲೆಯ ಹಿಂದೆ ನಿಂತು ಅವರು ಬಗ್ಗಿದಾಗ ಗದ್ದ ಮೇಲೆ, ಹಣೆ ಕೆಳಗೆ. ಮಾಸ್ಕ್ ಏರಿಸುವ ಮೊದಲು ಗದ್ದದ ಕಪ್ಪು ಮಚ್ಚೆ ಹಣೆಯ ಬೊಟ್ಟಿನ ಹಾಗೆ ಕಾಣುತ್ತಿತ್ತು. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದ ಅವರು ಬೊಟ್ಟು ಇಟ್ಟವರಲ್ಲ. ನನ್ನ ನೆನಪಿನಲ್ಲಿ ಮಾತ್ರ ಇಟ್ಟಿದ್ದಾರೆ. ಒಮ್ಮೆ ಕಾಪು ಪೇಟೆಯಲ್ಲಿ ಬಂಗುಡೆ ಮೀನಿನ ಕಿವಿರು ಎತ್ತಿ ನೋಡುತ್ತಿದ್ದ ಹೆಂಗಸೊಬ್ಬರು ನನ್ನ ಕಡೆ ತಿರುಗಿ ನಕ್ಕರು. ಯಾರೆಂದು ತಿಳಿಯದೆ ನಾನು ಮುಂದೆ ಹೋದೆ. ಅವರು ನೆಟ್ಟಗೆ ನಿಂತಿದ್ದರು, ಅದೇ ತೊಂದರೆ.

ಕಾಪುವಿನಲ್ಲಿ, ಎರ್ಮಾಳಿನಲ್ಲಿ ಮೀನುಗಾರರ ಮನೆಯವರೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವುದು ನಮ್ಮ ಕಡೆಯ ರೂಢಿ. ಬಯಲುಸೀಮೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಮಾತ್ರ, ಬಾಯಿಯ ಡಾಕ್ಟರಾದ್ದರಿಂದ ಬಾಯಮ್ಮ ಇರಬೇಕೆಂದು ತಿಳಿದು, ಊರಿನಲ್ಲಿ ಕಣ್ಣಮ್ಮ ಯಾರು, ನನ್ನ ಕನ್ನಡಕ ಬದಲಿಸಬೇಕಿತ್ತು ಎಂದು ವಿಚಾರಿಸಿದರಂತೆ. ಈ ಕಥೆಯನ್ನು ಹೇಳಿಕೊಂಡು ನಗುತ್ತಿದ್ದವರು ಬಾಯಮ್ಮನೇ. ನಿಜವಾಗಿ ನಡೆದದ್ದೋ ಅವರೇ ಕಟ್ಟಿದ್ದೋ ನಾನು ಕೇಳಲಿಲ್ಲ.

ನನ್ನನ್ನು ಅವರಲ್ಲಿಗೆ ಕಳಿಸಿದ್ದು ನನ್ನ ಹೃದಯ. ಅದರ ಒಂದು ಕವಾಟ ಕೆಟ್ಟಿತ್ತು, ಬದಲಿಸಬೇಕಿತ್ತು. ಅದಕ್ಕೆ ಮೊದಲು ಹುಳುಕು ಹಲ್ಲುಗಳನ್ನು ತೆಗೆಸಿಕೊಂಡು ಬನ್ನಿ, ಇಲ್ಲದಿದ್ದರೆ ಬಾಯಿಯ ಸೋಂಕು ರಕ್ತದಲ್ಲಿ ಇಳಿದು ಹೊಸ ಕವಾಟದಲ್ಲಿ ಕೂರುತ್ತದೆ ಎಂದು ಮಣಿಪಾಲದ ಹೃದಯದ ಡಾಕ್ಟರು ಹೇಳಿದರು. ನಾಲ್ಕು ಹಲ್ಲು. ಅಲ್ಲಿಯೇ ತೆಗೆಯಲು ಕೂರಿಸಿದಾಗ ನಾನು ಎರಡು ಸಲ ಕುರ್ಚಿಯಿಂದ ಇಳಿದು ನನ್ನೂರು ಕಾರ್ಕಳದ ಬಸ್ಸು ಹತ್ತಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ ದಿನಗಳು ಅವು. ಓಡಿಹೋಗಲು ಮಾತ್ರ ಉಸಿರು ಸಾಲುತ್ತಿತ್ತು.

ಕಾರಣ ಹೇಳಬಹುದು. ಚಿಕ್ಕಂದಿನಲ್ಲಿ ಕಾರ್ಕಳದ ಡಾಕ್ಟರೊಬ್ಬರು "ಆಯ್ತು, ಆಯ್ತು, ಇದೇ ಆಯ್ತು" ಎನ್ನುತ್ತಲೇ ನನ್ನ ಹಲ್ಲನ್ನು ಎಳೆಯುತ್ತ ಹೋದರು, ಎಷ್ಟೋ ಹೊತ್ತು ಏನೂ ಆಗಲಿಲ್ಲ. ಅಂದಿನಿಂದ ಆ ಪದ ಕಿವಿಗೆ ಬಿದ್ದರೆ ಅಂಗೈ ಬೆವರುತ್ತದೆ ಎಂದರೆ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಅದೇ ಕುರ್ಚಿಯಲ್ಲಿ ಕೂತು ಅದೇ ಮಾತು ಕೇಳಿದ ನನ್ನ ಅಣ್ಣ ಹೊರಗೆ ಬಂದು ಐಸ್‌ಕ್ಯಾಂಡಿ ತಿಂದ.

ಹೆಂಡತಿಯ ತವರು ಕಾಪು. ಅವಳು ಚಿಕ್ಕಂದಿನಿಂದ ಬಾಯಮ್ಮನ ರೋಗಿ. ಅವಳೇ ಕರೆದುಕೊಂಡು ಹೋದಳು. ನಾನು ನನ್ನ ಕಥೆಯನ್ನೆಲ್ಲ ಹೇಳುವಾಗ ಅವರು ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದರು. ಮಣಿಪಾಲಕ್ಕೆ ಫೋನ್ ಮಾಡಿ ಹೃದಯದ ಡಾಕ್ಟರ ಹತ್ತಿರ ಮಾತಾಡಿದರು, ಯಾವ ಮಾತ್ರೆಯನ್ನು ಎಷ್ಟು ಮೊದಲು ನುಂಗಬೇಕೆಂದು ಕೇಳಿಕೊಂಡರು. ಆಮೇಲೆ ನನಗೆ ಹೇಳಿದರು:

"ನೋವಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಎಷ್ಟು ಬಾಕಿ ಉಂಟು ಅಂತ ಹೇಳ್ತೇನೆ. ಅದು ನನಗೆ ಗೊತ್ತಿರ್ತದೆ. ಬೇಡ ಅನಿಸಿದರೆ ಎಡಗೈ ಎತ್ತಿ, ನಿಲ್ಲಿಸ್ತೇನೆ. ಯಾಕೆ ಅಂತ ಕೇಳುವುದಿಲ್ಲ."

ಸುಮ್ಮನೆ ಎತ್ತಿದರೆ ಎಂದು ಕೇಳಿದೆ.

"ಸುಮ್ಮನೆ ಎತ್ತಿದರೂ ನಿಲ್ಲಿಸ್ತೇನೆ. ಸುಮ್ಮನೆಯಾ ನಿಜವಾ ಅಂತ ನಾನು ನೋಡ್ತಾ ಕೂತರೆ ಅದು ಎಂತ ಒಪ್ಪಂದ ಮಾರಾಯ್ರೆ?"

ಮೊದಲ ಹಲ್ಲಿನ ದಿನ ನನ್ನ ಮೂಗಿನ ಮೇಲೆ ನೊಣ ಕೂತಿತು. ಓಡಿಸಲು ಎಡಗೈ ಎತ್ತಿದೆ. ಅವರ ಎರಡೂ ಕೈ ಕೂಡಲೇ ನನ್ನ ಬಾಯಿಯಿಂದ ಹೊರಗೆ ಬಂದವು. ನೊಣ ಹಾರಿಹೋಗಿತ್ತು. ನಾನು ಕೈ ಇಳಿಸುವವರೆಗೆ ಅವರು ಇಕ್ಕಳ ಹಿಡಿದು ಹಾಗೇ ನಿಂತಿದ್ದರು. ಏನೂ ಕೇಳಲಿಲ್ಲ. ಮತ್ತೆ ಬಗ್ಗಿ "ಇನ್ನೂ ಉಂಟು" ಎಂದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ "ಇನ್ನೂ ಉಂಟು." ಕೊನೆಗೆ "ಆಯ್ತು." ಅವರು ಆಯ್ತು ಎಂದ ಮೇಲೆ ಬಾಯಿಯಲ್ಲಿ ಹತ್ತಿಯ ಉಂಡೆಯ ಹೊರತು ಬೇರೇನೂ ಇರುತ್ತಿರಲಿಲ್ಲ.

ಆ ಹತ್ತಿಯನ್ನು ಕಚ್ಚಿಕೊಂಡು ಜಗಲಿಯ ಬೆಂಚಿನಲ್ಲಿ ಅರ್ಧ ಗಂಟೆ ಕೂರಬೇಕಿತ್ತು. ಉಗುಳಬಾರದು, ಮಾತಾಡಬಾರದು. ಬೇರೆ ರೋಗಿ ಇಲ್ಲದಿದ್ದರೆ ಅವರು ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಕೆಲಸ ಮಾಡುವಾಗ ಎರಡೇ ಪದದಲ್ಲಿ ಮುಗಿಸುವವರು ಆಗ ಬಾಯಿ ಬಿಡುತ್ತಿದ್ದರು. ಇಗರ್ಜಿಯ ಹಾಡಿನ ತಂಡದಲ್ಲಿ ಶ್ರುತಿ ತಪ್ಪುವುದು ಯಾರು, ಉಡುಪಿಯ ಬಸ್ಸಿನವರು ಚಿಲ್ಲರೆ ಇಲ್ಲವೆಂದು ಮುಖ ತಿರುಗಿಸುವುದು, ಮಂಜುಗಡ್ಡೆಯಲ್ಲಿಟ್ಟ ಮೀನನ್ನು ತಾಜಾ ಎಂದು ಮಾರುವುದು. ನನಗೆ ಎದುರು ಹೇಳಲು ಬೇಕಾದಷ್ಟಿತ್ತು. ಹತ್ತಿ ಕಚ್ಚಿದವನು ಏನು ಹೇಳುತ್ತಾನೆ? ಒಮ್ಮೆ "ಹ್ಞೂಂ" ಎಂದದ್ದಕ್ಕೆ, ರಕ್ತ ಬರ್ತದೆ, ಸುಮ್ಮನೆ ಕೂತುಕೊಳ್ಳಿ ಎಂದು ಗದರಿಸಿದರು.

ಎರಡನೆಯ ಹಲ್ಲಿನ ಮರುದಿನ ಕಿವಿಯಿಂದ ನೆತ್ತಿಯವರೆಗೆ ಸಿಡಿಯತೊಡಗಿತು. ಅವರಲ್ಲಿಗೆ ಓಡಿದೆ. ಹಲ್ಲು ಇದ್ದ ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮುಚ್ಚಳವಂತೆ. ಅದು ಎದ್ದುಹೋಗಿ ಎಲುಬು ತೆರೆದುಕೊಂಡಿತ್ತು. ಎಂತ ಮಾಡಿದ್ರಿ ಎಂದು ಕೇಳಿದರು. ತಣ್ಣಗಿನ ಗಂಜಿ ಮತ್ತು ಬೊಂಡದ ಎಳನೀರು ಮಾತ್ರ, ನೀವು ಹೇಳಿದ್ದೇ ಎಂದೆ.

"ಬೊಂಡ ಕುಡೀಲಿಕ್ಕೆ ಹೇಳಿದೆ. ಸ್ಟ್ರಾ ಹಾಕಿ ಹೀರ್ಲಿಕ್ಕೆ ಹೇಳಿದೆನಾ?"

ಬಸ್‌ಸ್ಟ್ಯಾಂಡಿನಲ್ಲಿ ಬೊಂಡವನ್ನು ಮತ್ತೆ ಹೇಗೆ ಕುಡಿಯುವುದು ಎಂದೆ.

"ಲೋಟ ಅಂತ ಒಂದು ಉಂಟು ಪ್ರಪಂಚದಲ್ಲಿ."

ಲವಂಗದ ಎಣ್ಣೆ ಅದ್ದಿದ ಬಟ್ಟೆಯ ಎಳೆಯನ್ನು ಗುಂಡಿಗೆ ತುಂಬಿದರು. ಈ ನೋವು ಇನ್ನೂ ನಾಲ್ಕೈದು ದಿನ ಉಂಟು, ಇಂದು ಕಡಿಮೆಯಾಗುತ್ತದೆ ಎಂದು ಕಾಯಬೇಡಿ ಎಂದರು. ಅಷ್ಟೇ ದಿನ ಇತ್ತು. ಕಾಯದೆ ಇದ್ದುದರಿಂದಲೋ ಏನೋ, ತಡೆದುಕೊಂಡೆ.

ಮೂರನೆಯದು ಸುಲಭಕ್ಕೆ ಬಂತು. ಇನ್ನು ನಾಲ್ಕನೆಯ ಹಲ್ಲು. ಇಲ್ಲಿ ನನ್ನ ನೆನಪಿಗೂ ಹೆಂಡತಿಯ ನೆನಪಿಗೂ ಹೊಂದಿಕೆಯಿಲ್ಲ.

ನನಗೆ ನೆನಪಿರುವಂತೆ ಹಲ್ಲು ಅರ್ಧಕ್ಕೆ ಮುರಿಯಿತು. ಆ ಶಬ್ದ ತಲೆಬುರುಡೆಯ ಒಳಗಿನಿಂದ ಕೇಳಿತು. ನನ್ನ ಎದೆ ಲಂಗುಲಗಾಮಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅವರು ನನ್ನ ಕತ್ತಿನ ಮೇಲೆ ಎರಡು ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿ, "ಆಯ್ತು" ಎಂದು ಕೈ ತೆಗೆದರು. ನಾನು ಕಣ್ಣು ಮುಚ್ಚಿದೆ. ಉಸಿರು ಇಳಿಯಿತು, ಬೆವರು ಆರಿತು. ಮುಗಿಯಿತಲ್ಲ ಎಂದು ಅಳು ಕೂಡ ಬಂತು. ಆಗ ಅವರು ಮಾಸ್ಕ್ ಕೆಳಗೆಳೆದು ನನ್ನ ಎದುರು ಬಂದು ನಿಂತರು. ಆ ಕುರ್ಚಿಯಿಂದ ಅವರ ಮುಖ ನೆಟ್ಟಗೆ ಕಂಡದ್ದು ಆ ಒಮ್ಮೆ ಮಾತ್ರ.

"ಆಯ್ತು ಅಂತ ಸುಳ್ಳು ಹೇಳಿದೆ. ನಿಮ್ಮ ಎದೆ ಕೇಳ್ತಿರ್ಲಿಲ್ಲ, ಅದಕ್ಕೆ. ಬೇರು ಒಳಗೇ ಉಂಟು. ಇನ್ನೂ ಉಂಟು."

ನಾನು ಕುರ್ಚಿಯಿಂದ ಇಳಿದೆ. ಜಗಲಿ ದಾಟಿ ರಸ್ತೆಗೆ ಹೋದೆ. ಕಾರ್ಕಳಕ್ಕೆ ಹೋಗುವ ದಾರಿ ಎದುರಿಗಿತ್ತು. ಬೇರು ಉಳಿದರೆ ಸೋಂಕು, ಸೋಂಕು ಉಳಿದರೆ ಕವಾಟ ಇಲ್ಲ, ಇದು ನನಗೆ ತಿಳಿದಿತ್ತು. ಆದರೂ ಕಾಲನ್ನು ಹಿಂದಕ್ಕೆ ತಿರುಗಿಸಿದ್ದು ಆ ತಿಳಿವಳಿಕೆಯಲ್ಲ. ಅವರು ಸುಳ್ಳನ್ನು ಮುಚ್ಚಿಟ್ಟುಕೊಂಡೇ ಮತ್ತೆ ಇಕ್ಕಳ ಹಾಕಬಹುದಿತ್ತು. ಬಾಯಿ ಜೋಮು ಹಿಡಿದಿತ್ತು, ಒಳಗೆ ಎಷ್ಟು ಉಳಿದಿದೆಯೆಂದು ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಹೇಳಿದರು. ವಾಪಸು ಬಂದು ಮಲಗಿದೆ, ಬಾಯಿ ತೆರೆದೆ.

ಹೆಂಡತಿ ಜಗಲಿಯಲ್ಲೇ ಕೂತಿದ್ದವಳು. ನೀವು ಆ ದಿನ ಹೊರಗೆ ಬರಲೇ ಇಲ್ಲ, ಒಳಗಿನಿಂದ ಬಾಯಮ್ಮನ ಮಾತು ಕೇಳಿತು, ಆಮೇಲೆ ಸದ್ದಿಲ್ಲ, ಅಷ್ಟೇ ಎನ್ನುತ್ತಾಳೆ. ಹಾಗಿದ್ದರೆ ನಾನು ರಸ್ತೆಗೆ ಹೋದದ್ದು ಕಣ್ಣು ಮುಚ್ಚಿ ಮಲಗಿದಲ್ಲಿಯೇ ಇರಬೇಕು. ಅವರ ಮಾತಿನ ಬಗ್ಗೆ ಮಾತ್ರ ಅವಳಿಗೂ ಅನುಮಾನವಿಲ್ಲ.

ಮಣಿಪಾಲದಲ್ಲಿ ಕವಾಟ ಬದಲಾಯಿತು. ಲೋಹದ್ದು. ಸದ್ದಿಲ್ಲದ ಕೋಣೆಯಲ್ಲಿ ಹಳೆಯ ಕೈಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ. ಅದನ್ನು ಕೇಳಿಸಲು ಒಮ್ಮೆ ಅವರಲ್ಲಿಗೆ ಹೋಗಿದ್ದೆ. ಕಿವಿ ಹತ್ತಿರ ತಂದು ಕೇಳಿದರು, ಆಮೇಲೆ ಹಲ್ಲಿನ ಮೇಲಿನ ಸಾಲು ತೋರಿಸಿ ಎಂದರು.

ಅವರು ತೀರಿಕೊಂಡು ಎರಡು ಮಳೆಗಾಲ ಆಯಿತು. ಹೊಟ್ಟೆಯ ಕಾಯಿಲೆ. ಇನ್ನು ಮಾಡುವಂಥದ್ದು ಇಲ್ಲವೆಂದು ಆಸ್ಪತ್ರೆಯವರು ಹೇಳಿದ ಮೇಲೆ ಅವರ ಅಣ್ಣನ ಮಗ ಕಾಪುವಿನ ಮನೆಗೆ ಕರೆತಂದಿದ್ದ. ನಾನೂ ಹೆಂಡತಿಯೂ ನೋಡಲು ಹೋದೆವು. ಮಂಚವನ್ನು ಕಿಟಕಿಗೆ ಒತ್ತಿ ಹಾಕಿದ್ದರಿಂದ ನನಗೆ ನಿಲ್ಲಲು ಸಿಕ್ಕ ಜಾಗ ಅವರ ತಲೆಯ ಹಿಂದೆ. ಬಗ್ಗಿ ನೋಡಿದೆ. ಗದ್ದ ಮೇಲೆ, ಹಣೆ ಕೆಳಗೆ. ಈ ಸಲ ಗುರುತು ಸಿಗಲು ತಡವಾಗಲಿಲ್ಲ.

"ಎಂತ, ಹತ್ತಿ ಕಚ್ಚಿದ್ದೀರಾ?" ಎಂದರು.

ನೋವುಂಟಾ ಎಂದು ಕೇಳಿದೆ.

"ಉಂಟು."

ಇನ್ನೂ ಉಂಟು ಎಂದರು ಎಂದು ಬರೆಯಲು ಕೈ ತುರಿಸುತ್ತದೆ. ಅವರು ಹೇಳಿದ್ದು ಅಷ್ಟೇ, ಒಂದೇ ಪದ.

ಅವರ ಅಣ್ಣನ ಮಗ, ನನ್ನ ಹೆಂಡತಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕಿತ್ತು. "ಆಯ್ತು ಡಾಕ್ಟ್ರೆ, ಇನ್ನು ಸ್ವಲ್ಪ ದಿನ, ಎಲ್ಲ ಕಡಿಮೆ ಆಗಿ..." ಎಂದು ಶುರು ಮಾಡಿದೆ.

ಹೊದಿಕೆಯ ಮೇಲಿದ್ದ ಅವರ ಎಡಗೈ ಎದ್ದಿತು. ನೊಣಕ್ಕೋ, ಕಿಟಕಿಯ ಬೆಳಕಿಗೋ, ನನಗೋ, ಗೊತ್ತಿಲ್ಲ.

ನಾನು ನಿಲ್ಲಿಸಿದೆ. ಯಾಕೆ ಎಂದು ಕೇಳಲಿಲ್ಲ. ಆ ಕೈ ಇಳಿಯುವವರೆಗೆ ಕೋಣೆಯಲ್ಲಿ ನನ್ನ ಎದೆಯ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.