ಹಗೇವಿನೊಳಗಿನ ತಂಬಾಕು

ನಮ್ಮ ಕಡೆ ಚಿಲುಮೆ ಸೇದುವವರು ಈಗ ಕಡಿಮೆ. ಶಿರಹಟ್ಟಿ ತಾಲೂಕಿನ ನಮ್ಮೂರಲ್ಲಿ ನನ್ನ ಕಾಕಾ ಒಬ್ಬರೇ ಉಳಿದಿದ್ದರು. ಹೊಸ ತಂಬಾಕು ಗಂಟಲು ಕೊರೆಯುತ್ತದೆಂದು ಮುಟ್ಟುತ್ತಿರಲಿಲ್ಲ. ಎಲೆಯನ್ನು ಕುಟ್ಟಿ, ತುಸು ಬೆಲ್ಲದ ನೀರು ಚಿಮುಕಿಸಿ, ಗಡಿಗೆಗೆ ಒತ್ತಿ ತುಂಬಿ, ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಒಂದೆರಡು ಮಳೆಗಾಲ ಕಳೆಯುವವರೆಗೆ ಅದನ್ನು ತೆರೆಯುವ ಹಾಗಿರಲಿಲ್ಲ.

ಇಡುವ ಜಾಗದ್ದೇ ತೊಂದರೆ. ಅಟ್ಟದ ಮೇಲೆ ಬೇಸಿಗೆಯಲ್ಲಿ ಒಣಗಿ ಹುಡಿಯಾಗುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಶ್ರಾವಣ ಬಂದರೆ ಬೂಸಲು ಹಿಡಿಯುತ್ತಿತ್ತು. ಕೊನೆಗೆ ಕಾಕಾ ಅಂಗಳದ ಹಗೇವನ್ನು ಆರಿಸಿಕೊಂಡರು. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು, ಈಗ ಖಾಲಿ. ಒಳಗೆ ವರ್ಷವಿಡೀ ಒಂದೇ ತಂಪು.

ಹೋದ ವರ್ಷ ಅಲ್ಲಿಂದ ತೆಗೆದ ತಂಬಾಕನ್ನು ಸೇದಿ, ಇಂಥದ್ದು ಗದಗಿನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ನಾನು ಹೊಗಳಿದ್ದೆ. ಈ ಸಲ ನಾನು ಹೋದ ದಿನ ಜಿನುಗು ಮಳೆ ಇತ್ತು. ಚಹಾ ಆದ ಕೂಡಲೇ ಕಾಕಾ ಹಗೇವಿನ ಬಾಯಿಗಲ್ಲು ಸರಿಸಿದರು.

ಹಗೇವು ತೆರೆದು ಗಾಳಿಯಾಡಲು ಬಿಟ್ಟು, ಉರಿಯುವ ಕಂದೀಲು ಇಳಿಸಿ ನೋಡದೆ ಯಾರೂ ಇಳಿಯಬಾರದು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಕಂದೀಲು ತರಲೇ ಎಂದು ಕಾಕಾನ ಹೆಂಡತಿ, ನನ್ನ ಚಿಗವ್ವ, ಕೇಳಿದಳು.

“ಒಳಗ ಜ್ವಾಳನ ಇಲ್ಲ, ಎಲ್ಲಿ ಕೆಟ್ಟ ಗಾಳಿ?” ಎಂದರು ಕಾಕಾ.

ನನಗೂ ಅದು ಸರಿಯೆನಿಸಿತು. ಗೋಡೆಗೆ ಒತ್ತಿದ್ದ ಹಳೆಯ ಹುಲ್ಲು ಮಳೆನೀರಿಗೆ ಕೊಳೆತು ಗಾಳಿ ಕೆಡಿಸಿರಬಹುದೆಂದು ನಾವು ಯಾರೂ ಯೋಚಿಸಲಿಲ್ಲ.

ಹಗೇವಿನ ಬಾಯಿ ಚಿಕ್ಕದು, ಕಾಕಾನ ಹೊಟ್ಟೆ ದೊಡ್ಡದು. ಪ್ರತಿ ಸಲ ತಿಣುಕಾಡುತ್ತಲೇ ಇಳಿಯುತ್ತಿದ್ದರು. ಈ ಸಲ ಚಿಗವ್ವ ತಾನೇ ಸೆರಗು ಸಿಕ್ಕಿಸಿಕೊಂಡಳು. ಕಂಕುಳ ಕೆಳಗೆ ಹಗ್ಗ ಕಟ್ಟಿದೆವು. ಆ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಕಾಲು ತಳಕ್ಕೆ ತಾಗಿದ್ದನ್ನು ಅವಳು ಹೇಳಿದಳು. ಗಡಿಗೆ ಸಿಕ್ಕಿತೇ ಎಂದು ಕಾಕಾ ಕೇಳಿದರು. ಮತ್ತೆ ಕೂಗಿದರು. ನನ್ನ ಕೈಯಲ್ಲಿದ್ದ ಹಗ್ಗ ಭಾರವಾಯಿತು.

ಎಳೆದೆವು. ತಲೆ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು, ಮೊಣಕೈ ಕಲ್ಲಿಗೆ ತರಚಿತ್ತು. ಮಳೆಯಲ್ಲೇ ಮಲಗಿಸಿದೆವು. ಉಸಿರು ಬಂತು. ನೆರೆಮನೆಯವರ ಟಂಟಂ ರಿಕ್ಷಾದಲ್ಲಿ ಶಿರಹಟ್ಟಿಯ ಆಸ್ಪತ್ರೆಗೆ ಒಯ್ದೆವು.

ಸಂಜೆ ಅವಳು ಮಾತಾಡಿದಳು. ಕಾಕಾ ಬಾಗಿಲ ಹೊರಗೇ ಕುಳಿತಿದ್ದರು. ಕರೆದರೂ ಒಳಗೆ ಬರಲಿಲ್ಲ. ಅವರಿಗೆ ಕೇಳಲೆಂದು ಅವಳು ಹೇಳಿದಳು: “ನಾ ಇಳದಿದ್ದ ಛಲೋ ಆತು. ಆ ಮನಶ್ಯಾ ಇಳದಿದ್ರ ಎಳ್ಯಾಕ ಎತ್ತು ಹೂಡಬೇಕಾಗ್ತಿತ್ತು.”

ಮರುದಿನ ಕಾಕಾ ಹಗೇವಿಗೆ ಮಣ್ಣು ಸುರಿಯತೊಡಗಿದರು. ಎರಡು ದಿನ ತೆರೆದಿಟ್ಟರೆ ಗಡಿಗೆ ತೆಗೆಯಬಹುದು, ಹಳೇ ಮಾಲು ಎಂದು ನೆರೆಯವರು ಹೇಳಿದರೂ ಕೇಳಲಿಲ್ಲ. ನಾನೂ ಬುಟ್ಟಿ ಹೊತ್ತೆ. ಆ ಗಡಿಗೆಯನ್ನು ಯಾರಿಗಾಗಿ ತೆಗೆಯಲು ಹೊರಟಿದ್ದೆವು ಎಂಬ ಮಾತನ್ನು ಮಾತ್ರ ಕಾಕಾ ಎತ್ತಲೇ ಇಲ್ಲ.

ಮನೆಗೆ ಬಂದ ಚಿಗವ್ವನ ಹತ್ತಿರ ಆ ಮಾತನ್ನು ನಾನೇ ಎತ್ತಿದೆ. ನನ್ನ ಸಲುವಾಗಿ ಹೀಗಾಯಿತು ಎಂದೆ.

ಅವಳು ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. “ಗೊತ್ತೈತಿ,” ಎಂದಳು, “ನೀ ಬಂದಿ ಅಂತನ ಇಳದೆ. ಅವರ ಒಬ್ಬರ ಸಲುವಾಗಿ ಆಗಿದ್ರ ನಾ ಯಾಕ ಇಳೀತಿದ್ದೆ?”