ಪೆಟ್ಟಿಗೆ ಲಕ್ಷ್ಮಿಯ ಕಣ್ಣು

ಹಳೆಯ ಮರದ ಪೆಟ್ಟಿಗೆ, ತೊಟ್ಟಿಲುಗಳ ಮೇಲೆ ಮಾಸಿದ ಚಿತ್ರಗಳಿಗೆ ಮತ್ತೆ ಬಣ್ಣ ತುಂಬುವುದು ಹುಣಸೂರಿನ ಚಲುವರಾಜುವಿನ ಕಸುಬು. ಮಿರ್ಲೆಯ ಸಣ್ಣತಾಯಮ್ಮನ ಮದುವೆ ಪೆಟ್ಟಿಗೆಯ ಮೇಲೆ ಅಳಿಸಿಹೋಗಿದ್ದ ಲಕ್ಷ್ಮಿಗೆ ಅವನು ಉಸಿರು ಬಿಗಿಹಿಡಿದು ಕಣ್ಣು ಬರೆದುಕೊಟ್ಟಿದ್ದ. ಆಯುಧಪೂಜೆ ಕಳೆದ ಮೇಲೆ ಹೋಗಿ ನೋಡಿದರೆ, ಆ ಮುಖ ಎಣ್ಣೆ, ಅರಿಶಿನ, ಕುಂಕುಮದಡಿ ಮುಚ್ಚಿಹೋಗಿದೆ! ಅವನಿಗೆ ಮೈಯೆಲ್ಲ ಉರಿದುಹೋಯಿತು.

“ಇದೇನವ್ವಾ, ನನ್ನ ಕೆಲ್ಸಾನೆಲ್ಲ ಎಕ್ಕುಟ್ಟಿಸ್ಬುಟ್ರಲ್ಲಾ! ಇಷ್ಟು ವರ್ಸ ಒಂದು ಬೊಟ್ಟೂ ಇಟ್ಟಿರ್ಲಿಲ್ವಲ್ಲ?”

ಸಣ್ಣತಾಯಮ್ಮನೂ ಬಿಡಲಿಲ್ಲ. “ಆಗ ಅವ್ಳಿಗೆ ಕಣ್ಣೆಲ್ಲಿತ್ತಪ್ಪಾ? ಬರ್ದೋನು ನೀನೇ ತಾನೇ! ಕಣ್ಬುಟ್ಟ ದೇವ್ರಿಗೆ ಪೂಜೆ ಮಾಡ್ದೆ ಇರಕಾಯ್ತದಾ?”

ಅಂದಿನಿಂದ ಚಲುವರಾಜು ಹೂವು, ಗಿಣಿ, ಬಳ್ಳಿ ಎಲ್ಲವನ್ನೂ ತಿದ್ದುತ್ತಾನೆ. ದೇವರ ಕಣ್ಣನ್ನು ಮಾತ್ರ ಮುಟ್ಟುವುದಿಲ್ಲ. ಯಾಕೆಂದು ಕೇಳಿದವರ ಮೇಲೆ ಈಗಲೂ ಸಿಡುಕುತ್ತಾನೆ: “ಕುರುಡಿಯಾಗಿದ್ರೇನೇ ಅವ್ಳು ಉಳ್ಕೊಳ್ಳಾದು ಕಣ್ರೀ!”