ಬಸ್ಸಿನ ಛಾವಣಿಗೆ ಬಳಿದ ಡಾಂಬರು

ಎಂ.ಎಸ್ಸಿ. ಮುಗಿಸಿದ ಮೇಲೆ ಎರಡು ವರ್ಷ ನಾನು ಒಂದು ಟ್ರಸ್ಟಿನ ಕಣ್ಣು ತಪಾಸಣೆಯ ಬಸ್ಸಿನಲ್ಲಿ ಕೆಲಸ ಮಾಡಿದೆ. ಎರಡು ಸಾವಿರದ ಇಸವಿ ಕಳೆದ ಹೊಸತು. ಹಳೆಯ ಬಸ್ಸಿನ ಸೀಟುಗಳನ್ನು ಕಿತ್ತು ಎರಡು ಕೋಣೆ ಮಾಡಿದ್ದರು. ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಯಂತ್ರಕ್ಕೆ ತಂಪು ಬೇಕೆಂದು ಛಾವಣಿಯ ಮೇಲೆ ಪೆಟ್ಟಿಗೆಯಂಥ ಎ.ಸಿ. ಕೂರಿಸಿದ್ದರು. ಡ್ರೈವರ್ ಕಲಬುರ್ಗಿ ಕಡೆಯವರು. ಕೆ.ಆರ್. ಪುರದ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದರು.

ಏಪ್ರಿಲ್‌ನ ಮೊದಲ ಮಳೆಗೆ ಎ.ಸಿ.ಯ ಸುತ್ತ ಒಳಛಾವಣಿ ಒದ್ದೆಯಾಯಿತು. ರಿಚರ್ಡ್ಸ್ ಟೌನಿನ ನಮ್ಮ ಹಳೆಯ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಮ್ಮ ತಾರಸಿಯ ಬಿರುಕುಗಳಿಗೆಲ್ಲ ಡಾಂಬರು ಹಾಕಿಸುತ್ತಿದ್ದರು. ಸೋರಿದರೆ ಮೇಲಿನಿಂದ ಮುಚ್ಚಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಡ್ರೈವರಿಗೂ ಹಾಗೆಯೇ ಹೇಳಿದೆ.

ಅವರು ಡಾಂಬರು ತಂದು ಬಸ್ಸಿನ ಮೇಲೆ ಹತ್ತಿ, ಛಾವಣಿಯಿಂದ ಬಗ್ಗಿ ಕೇಳಿದರು: “ಎಲ್ಲಾ ಮುಚ್ಚಲೇನ್ರಿ ಮೇಡಮ್? ಎ.ಸಿ. ಬುಡದಾಗ ಸಣ್ಣ ಸಣ್ಣ ತೂತ್ ಅವ ನೋಡ್ರಿ.”

“ತೂತಿದ್ರೆ ಅದನ್ನೂ ಮುಚ್ಚಿ.”

ಹತ್ತು ದಿನಗಳ ಮೇಲೆ, ಒಂದು ಬುಧವಾರ, ಹಲಸೂರು ಕೆರೆಯ ಬಳಿ ಶಿಬಿರವಿತ್ತು. ಒಣ ಬಿಸಿಲು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮಧ್ಯಾಹ್ನ ಛಾವಣಿಯಿಂದ ನೀರು ಸೀದಾ ಯಂತ್ರದ ಮೇಲೆ ಇಳಿಯಿತು. ಪರದೆ ಆರಿಹೋಯಿತು. ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ವಾಪಸು ಕಳಿಸಿದೆವು.

ಅಂದೇ ಸಂಜೆ ಟ್ರಸ್ಟಿನ ಮ್ಯಾನೇಜರ್ ಡ್ರೈವರನ್ನು ಕರೆಸಿ, ಬಸ್ಸು ನೋಡಿಕೊಳ್ಳುವುದು ನಿನ್ನ ಕೆಲಸ ಎಂದರು. “ಶನಿವಾರ ಮೆಕ್ಯಾನಿಕ್ ಬರ್ತಾರೆ. ಅವರಿಗೆ ಬಸ್ ತೋರಿಸಿ, ಕೀ ನನಗೆ ಕೊಟ್ಟು ಹೋಗು. ಸೋಮವಾರದಿಂದ ಬೇರೆಯವರು ಬರ್ತಾರೆ.” ಯಾರ ಮಾತಿಗೆ ಡಾಂಬರು ಬಳಿದೆನೆಂದು ಡ್ರೈವರ್ ಹೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಹೇಳಲಿಲ್ಲ. ಬಳಿದದ್ದು ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಶಿವಾಜಿನಗರದಿಂದ ಬಂದ ಮೆಕ್ಯಾನಿಕ್‌ಗೆ ವಯಸ್ಸಾಗಿತ್ತು. ಚೀಲ ಕೆಳಗಿಡುವ ಮೊದಲೇ ಕೇಳಿದರು: “ಅವತ್ತು ಮಳೆ ಬಂತಾ ಅಮ್ಮಾ?”

“ಇಲ್ಲ.”

“ಮತ್ತೆ ಆಸ್ಮಾನ್ ಮೇಲೆ ಯಾಕೆ ತಪ್ಪು ಹಾಕೋದು? ಇದು ಎ.ಸಿ. ಮೆಷಿನ್‌ದೇ ನೀರು.”

ಮೇಲೆ ಹತ್ತಿ ಎ.ಸಿ.ಯ ಮುಚ್ಚಳ ಬಿಚ್ಚಿ, ತಳದ ತಟ್ಟೆಗೆ ಒಂದು ಮಗ್ಗು ನೀರು ಸುರಿದರು. ಹೊರಗೆ ಛಾವಣಿ ಒಣಗಿಯೇ ಇತ್ತು. ಒಳಗೆ ನಿಂತಿದ್ದ ನನ್ನ ಅಂಗೈ ಮೇಲೆ ಮೊದಲ ಹನಿ ಬಿತ್ತು. ಅವರು ಸ್ಕ್ರೂಡ್ರೈವರಿನಿಂದ ಡಾಂಬರು ಕೆರೆದರು. ತೂತುಗಳು ಬಿಟ್ಟುಕೊಂಡು ನೀರು ಛಾವಣಿಯ ಮೇಲೆ ಹರಿದು ಹೊರಗೆ ಬಿತ್ತು.

“ಎ.ಸಿ. ಬೆವರ್ತದೆ ಅಮ್ಮಾ. ಬೆವರು ಆಚೆ ಹೋಗ್ಲಿ ಅಂತ ತೂತು ಇಟ್ರೆ, ಯಾರೋ ಎಂಜಿನಿಯರ್ ಸಾಹೇಬ್ರು ಇಲ್ಲಿ ರೋಡ್ ಹಾಕ್ಬಿಟ್ಟಿದಾರೆ.”

“ನಾನೇ ಹಾಕೀನ್ರಿ,” ಎಂದರು ಏಣಿ ಹಿಡಿದಿದ್ದ ಡ್ರೈವರ್.

ಮಳೆನೀರು ಸೋರಿದ್ದಕ್ಕೆ ಕಾರಣ ಬೇರೆಯೇ ಇತ್ತು. ಬಸ್ಸಿನ ಕುಲುಕಾಟಕ್ಕೆ ಒಳಗಡೆಯ ನಾಲ್ಕು ಬೋಲ್ಟುಗಳು ಸಡಿಲಗೊಂಡು, ಎ.ಸಿ.ಯ ಕೆಳಗಿನ ರಬ್ಬರು ಛಾವಣಿಗೆ ಒತ್ತಿ ಕೂರುತ್ತಿರಲಿಲ್ಲ. ಮೆಕ್ಯಾನಿಕ್ ಒಳಗೆ ಬಂದು ಅವನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿದರು. ಅರ್ಧ ಗಂಟೆಯ ಕೆಲಸ.

ಕೈ ಒರೆಸಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. “ಡಾಂಬರು ಹಾಕಿಸಿದ್ದು ನಾನು. ತೂತಿದೆ ಅಂತ ಅವರು ಕೇಳಿದ್ರು. ಮುಚ್ಚಿ ಅಂದೆ.”

“ಇದನ್ನ ಬುಧವಾರವೇ ಹೇಳ್ಬೋದಿತ್ತಲ್ಲಮ್ಮ.”

“ಹೇಳ್ಬೋದಿತ್ತು.”

ಡ್ರೈವರ್ ಬೆಳಿಗ್ಗೆಯೇ ಒಪ್ಪಿಸಿದ್ದ ಬಸ್ಸಿನ ಕೀ ಮೇಜಿನ ಮೇಲಿತ್ತು; ಅವರು ಅದನ್ನು ನನ್ನ ಕಡೆ ತಳ್ಳಿದರು. ಅದನ್ನು ಡ್ರೈವರಿಗೆ ನಾನೇ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಮನೆಯಲ್ಲಿ ಊರಿಗೆ ಹೊರಡಲು ಗಂಟು ಕಟ್ಟಿಟ್ಟಿದ್ದಾರೆ, ಹೋಗಿ ಬಿಚ್ಚಿಸಬೇಕು ಎಂದಷ್ಟೇ ಹೇಳಿದರು.

ಆಮೇಲೆಯೂ ಒಂದು ವರ್ಷ ನಾವು ಅದೇ ಬಸ್ಸಿನಲ್ಲಿದ್ದೆವು. ರಿಪೇರಿಯ ಯಾವ ಕೆಲಸ ಹೇಳಿದರೂ ಅವರು ಡ್ಯಾಶ್‌ಬೋರ್ಡಿನಿಂದ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿಯುತ್ತಿದ್ದರು. “ಬರದು ಕೊಡ್ರಿ ಮೇಡಮ್.” ಆ ದನಿಯಲ್ಲಿ ಕೋಪವಿರಲಿಲ್ಲ. ನಾನು ಬರೆದು, ಕೆಳಗೆ ಸಹಿ ಹಾಕುತ್ತಿದ್ದೆ.